ಪ್ಲಾಸ್ಟಿಕ್ ಕಯಾಕಿಗೆ ಡಬ್ಬಿ ಬಣ್ಣ ಬೇಡ, ಪೆನ್ನು ಸಾಕು

ಮಾನ್ಯ ಸಂಪಾದಕರೇ,

ನಾರಾಯಣಪುರದ ಬಸವಸಾಗರ, ಭಾಲ್ಕಿ ತಾಲ್ಲೂಕಿನ ಕಾರಂಜಾ, ಚಿಂಚೋಳಿಯ ಚಂದ್ರಂಪಳ್ಳಿ, ಅಫಜಲಪುರದ ಸೊನ್ನ ಬ್ಯಾರೇಜು ಎಂದು ಎಣಿಸುತ್ತ ಹೋದರೆ ಯಾದಗಿರಿ, ಬೀದರ್, ಕಲಬುರಗಿ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ನಿಂತ ನೀರಿಗೇನೂ ಬರವಿಲ್ಲ. ಗಾಳ ಹಾಕಲು ಹರಿಗೋಲಿನ ಬದಲು ಪ್ಲಾಸ್ಟಿಕ್ ಕಯಾಕ್, ಅಂದರೆ ಕೂತು ಹುಟ್ಟು ಹಾಕುವ ಉದ್ದನೆಯ ಕಿರುದೋಣಿ, ತರಿಸಿಕೊಳ್ಳುವವರೂ ಇದ್ದಾರೆ. ತಂದ ಮೇಲೆ ಅದರ ಮೈಮೇಲೆ ಮೀನು, ಬಳ್ಳಿ, ಹೆಸರು ಬರೆಸುವ ಆಸೆ ಸಹಜ. ನೇರ ಬೋರ್ಡ್ ಬರೆಯುವ ಪೇಂಟರ್ ಹತ್ತಿರ ಹೋಗುತ್ತಾರೆ, ಅವನು ಲಾರಿಗೆ ಬಳಿಯುವ ಎನಾಮಲ್ ಡಬ್ಬಿ ತೆರೆಯುತ್ತಾನೆ. ಅಂಗಳದಲ್ಲಿದ್ದಾಗ ಚಿತ್ರ ಬಹಳ ಚೆನ್ನಾಗಿ ಕಾಣುತ್ತದೆ. ಕೆಲವು ಸಲ ನೀರಿಗಿಳಿದು ಬಂದ ಮೇಲೆ ಉಗುರು ತಾಗಿಸಿದರೆ ಸಾಕು, ಬಣ್ಣ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಆಮೇಲೆ ಪೇಂಟರನ ಜೊತೆ ಜಗಳ. ಇದು ಏಕೆ ಹೀಗಾಗುತ್ತದೆ, ಏನು ಮಾಡಿದರೆ ಚಿತ್ರ ನಿಲ್ಲುತ್ತದೆ ಎಂಬುದನ್ನು ಬರೆಯಲು ಹೊರಟರೆ ಪತ್ರ ಉದ್ದವಾಗುತ್ತದೆ. ಜಾಗ ಸಾಲದಿದ್ದರೆ ಎರಡು ಕಂತು ಮಾಡಿ, ನಡುವೆ ಕತ್ತರಿ ಹಾಕಬೇಡಿ. ಒಂದು ಹಂತ ಬಿಟ್ಟುಹೋದರೂ ಉಳಿದ ಕೆಲಸ ದಂಡ.

ಮೊದಲು ದೋಣಿ ಯಾವ ವಸ್ತುವಿನದು ಎಂದು ತಿಳಿಯಬೇಕು. ಅಂಗಡಿಯಲ್ಲಿ ‘ಫೈಬರ್’ ಎಂದೇ ಎಲ್ಲವನ್ನೂ ಕರೆಯುತ್ತಾರೆ, ನಂಬಬೇಡಿ. ಮೀನು ಹಿಡಿಯುವ ಬಹುತೇಕ ಕಯಾಕುಗಳು ಅಚ್ಚನ್ನು ತಿರುಗಿಸಿ ಕಾಯಿಸಿ ಎರಕ ಹೊಯ್ದ ಪಾಲಿಎಥಿಲೀನಿನವು, ಅಂದರೆ ನೀರಿನ ನೀಲಿ ಡ್ರಮ್ಮಿನ ಜಾತಿಯವು. ಮುಟ್ಟಿದರೆ ಮೇಣದ ಹಾಗೆ ಜಾರುತ್ತದೆ, ಬಡಿದರೆ ಮೊಂಡು ಸದ್ದು. ಅನುಮಾನವಿದ್ದರೆ ಒಳಅಂಚಿನಿಂದ ಉಗುರಿನಷ್ಟು ಚೂರು ಹೆರೆದು ನೀರಿಗೆ ಹಾಕಿ. ಪಾಲಿಎಥಿಲೀನ್ ತೇಲುತ್ತದೆ, ಗಾಜಿನ ನಾರಿನ ಫೈಬರ್ ಮುಳುಗುತ್ತದೆ. ಫೈಬರಿನ ಒಳಮೈಯಲ್ಲಿ ನಾರಿನ ನೇಯ್ಗೆಯೂ ಕಣ್ಣಿಗೆ ಬೀಳುತ್ತದೆ. ಗಾಳಿ ತುಂಬುವ ರಬ್ಬರಿನಂಥ ದೋಣಿಗಳು ಸಾಮಾನ್ಯವಾಗಿ ಪಿವಿಸಿಯವು. ಮಡಿಚಿ ಇಡುವ ಆ ಮೈಮೇಲೆ ಚಿತ್ರ ಬಿಡಿಸುವುದನ್ನು ನಾವು ಯಾರಿಗೂ ಹೇಳುವುದಿಲ್ಲ.

ಪಾಲಿಎಥಿಲೀನಿಗೆ ಬಣ್ಣ ಹಿಡಿಯದಿರಲು ಎರಡು ಕಾರಣಗಳಿವೆ. ಒಂದು, ಅದರ ಮೇಲ್ಮೈ ಶಕ್ತಿ, ಅಂದರೆ ಮೇಲೆ ಬಿದ್ದ ದ್ರವವನ್ನು ಸೆಳೆದು ಹರಡಿಸಿಕೊಳ್ಳುವ ಬಲ, ತೀರಾ ಕಡಿಮೆ. ಮೀಟರಿಗೆ ಸುಮಾರು 31 ಮಿಲಿನ್ಯೂಟನ್. ನೀರು ತನ್ನನ್ನು ತಾನೇ ಹನಿಯಾಗಿ ಹಿಡಿದುಕೊಳ್ಳುವ ಮೇಲ್ಮೈ ಎಳೆತ ಅದೇ ಅಳತೆಯಲ್ಲಿ 72. ಅದಕ್ಕೇ ನೀರು ಅದರ ಮೇಲೆ ಹರಡದೆ ಹನಿ ಹನಿಯಾಗಿ ಕೂರುತ್ತದೆ. ದ್ರವ ಬಣ್ಣದ ಪಾಡೂ ಅಷ್ಟೇ. ಮೇಲೆ ಪದರವಾಗಿ ಒಣಗುತ್ತದೆ, ಒಳಗೆ ಕಚ್ಚಿಕೊಳ್ಳುವುದಿಲ್ಲ. ಎರಡನೆಯ ಕಾರಣವನ್ನು ನಮ್ಮ ಕಡೆಯವರು ಹೆಚ್ಚು ಗಮನಿಸಬೇಕು. ಈ ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗುತ್ತದೆ. 3 ಮೀಟರ್ ಉದ್ದದ ಕಯಾಕ್ ನೆರಳಿನ ತಂಪಿನಿಂದ ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಬಂದು 30 ಡಿಗ್ರಿ ಹೆಚ್ಚು ಕಾದರೆ ಒಂದು ಸೆಂಟಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ, ಸಂಜೆ ಮತ್ತೆ ಕುಗ್ಗುತ್ತದೆ. ಒಣಗಿ ಗಟ್ಟಿಯಾದ ಎನಾಮಲ್ ಅಷ್ಟು ಹಿಗ್ಗಲಾರದು. ದಪ್ಪ ಬಳಿದಷ್ಟೂ ಬೇಗ ಬಿರಿಯುತ್ತದೆ. ತೆಳ್ಳಗಿನ ಗೆರೆ ಹಾಗಲ್ಲ, ಎಳೆತ ಅದರ ಅಗಲಕ್ಕೇ ಮುಗಿದುಹೋಗುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಮೈಮೇಲೆ ತುಂಬು ಬಣ್ಣದ ಚಿತ್ರ ಬೇಡ, ಗೆರೆಯ ಚಿತ್ರ ಬಿಡಿಸಿ. ಡಬ್ಬಿ, ಬ್ರಷ್ಷು ಪಕ್ಕಕ್ಕಿಟ್ಟು ಎಣ್ಣೆ ಆಧಾರದ ಪೇಂಟ್ ಮಾರ್ಕರ್ ಪೆನ್ನು ಹಿಡಿಯಿರಿ.

ಚಿತ್ರ ಎಲ್ಲಿ ಬರಬೇಕು ಎಂಬುದನ್ನು ನೀರೇ ಹೇಳಬೇಕು. ಗಾಳದ ಸಾಮಾನು, ಐಸ್ ಪೆಟ್ಟಿಗೆ, ಕೂರುವ ಆಳು ಎಲ್ಲ ಸೇರಿ ಪೂರ್ತಿ ಭಾರ ಹೊತ್ತು ದೋಣಿಯನ್ನು ನೀರಿಗಿಳಿಸಿ, ದಡದಲ್ಲಿ ನಿಂತವರಿಂದ ನೀರಿನ ಗೆರೆಗೆ ಅಲ್ಲಲ್ಲಿ ಟೇಪ್ ಚೂರು ಹಚ್ಚಿಸಿ. ಆ ಗೆರೆಯಿಂದ ನಾಲ್ಕು ಬೆರಳು ಮೇಲಕ್ಕೆ ಚಿತ್ರ ಶುರುವಾಗಲಿ. ತಳದಲ್ಲಿ ಬಿಡಿಸಿದ್ದು ಉಳಿಯುವುದಿಲ್ಲ. ನಮ್ಮ ದಡಗಳಲ್ಲಿ ಉಸುಕು ಕಡಿಮೆ, ಕಲ್ಲು ಹೆಚ್ಚು. ಫರಸಿ ಮೆಟ್ಟಿಲ ಮೇಲೆ ನಾಲ್ಕು ಸಲ ಎಳೆದರೆ ಪ್ಲಾಸ್ಟಿಕ್ಕೇ ಹೆರೆದು ಹೋಗುತ್ತದೆ, ಬಣ್ಣದ ಮಾತೇಕೆ? ತಳದ ಬಣ್ಣ ನೋಡಿ ಮೀನು ಬರುತ್ತದೆ, ಓಡುತ್ತದೆ ಎಂಬ ನಂಬಿಕೆಗೂ ಹೆಚ್ಚು ಅರ್ಥವಿಲ್ಲ. ಕೆಳಗಿನಿಂದ ನೋಡುವ ಮೀನಿಗೆ ಯಾವ ದೋಣಿಯೂ ಆಕಾಶದ ಬೆಳಕಿಗೆ ಅಡ್ಡ ಬಂದ ಕಪ್ಪು ನೆರಳೇ. ಹುಟ್ಟು ಬಡಿದ ಸದ್ದಿಗೆ ಓಡಿದಷ್ಟು ಅದು ಬಣ್ಣಕ್ಕೆ ಓಡುವುದಿಲ್ಲ.

ಇನ್ನು ಕೆಲವು ಜಾಗಗಳನ್ನು ಬರಿದೇ ಬಿಡಬೇಕು. ಕೂತಾಗ ಹುಟ್ಟಿನ ಕೋಲು ಉಜ್ಜುವ ಎರಡೂ ಬದಿಯ ಅಂಚು, ಜೀಪಿನ ಮೇಲೆ ಕಟ್ಟುವಾಗ ಪಟ್ಟಿ ಹಾಯುವ ಜಾಗ, ಹಿಡಿಕೆಯ ಬುಡ ಇವೆಲ್ಲ ಸವೆಯುವ ಕಡೆಗಳು. ನೀರು ಬಸಿಯುವ ತೂತುಗಳ ಸುತ್ತ ಮತ್ತು ಹಿಂಬದಿಯ ಬಿರಡೆಯ ಸುತ್ತ ಎರಡು ಇಂಚು ಬಿಡುವುದಕ್ಕೆ ಬೇರೆ ಕಾರಣವಿದೆ. ಬಿರುಕು ಮೊದಲು ಹುಟ್ಟುವುದೇ ಅಲ್ಲಿ. ಚಿತ್ರದ ಗೆರೆಗಳ ನಡುವೆ ಕೂದಲೆಳೆ ಬಿರುಕು ಕಣ್ಣಿಗೆ ಬೀಳುವುದಿಲ್ಲ, ನಡುನೀರಿನಲ್ಲಿ ಹೊಟ್ಟೆಯೊಳಗೆ ನೀರು ತುಂಬಿದಾಗಲೇ ಗೊತ್ತಾಗುತ್ತದೆ. ಕೃಷ್ಣೆಯಲ್ಲಿ ಮೊಸಳೆಗಳಿವೆ ಎಂಬುದು ನೆನಪಿರಲಿ. ಭಾರದ ಮಿತಿ ಬರೆದ ಚೀಟಿ ಮತ್ತು ಮೈಮೇಲೆ ಕೆತ್ತಿದ ಕ್ರಮಸಂಖ್ಯೆಯ ಮೇಲೂ ಏನೂ ಬರೆಯಬಾರದು.

ತೊಳೆಯುವ ಕೆಲಸವನ್ನು ಅರ್ಧ ದಿನದ ಕೆಲಸ ಎಂದೇ ಇಟ್ಟುಕೊಳ್ಳಿ. ಹೊಸ ಕಯಾಕಿನ ಮೇಲೆ ಅಚ್ಚಿನಿಂದ ಬಿಡಿಸಲು ಹಾಕಿದ ಜಾರು ಪದಾರ್ಥ ಉಳಿದಿರಬಹುದು. ಹಳೆಯದರ ಮೇಲೆ ಎರೆಮಣ್ಣಿನ ಪೊರೆ ಇರುತ್ತದೆ. ಎರೆಮಣ್ಣಿನ ಕಣ ಬಹಳ ಸಣ್ಣದು, ಬರೀ ನೀರಿಗೆ ಹೋಗುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ಡು, ಬೆಚ್ಚನೆಯ ನೀರು, ಮೆದು ಬ್ರಷ್ಷು ಹಿಡಿದು ಎರಡು ಸಲ ತೊಳೆಯಿರಿ. ಕಾರಿನ ಶಾಂಪೂ ಬೇಡ, ಹೊಳಪಿಗೆಂದು ಅದರಲ್ಲಿ ಮೇಣ ಬೆರೆಸಿರುತ್ತಾರೆ. ನಮ್ಮದು ಸುಣ್ಣಕಲ್ಲಿನ ಸೀಮೆ. ಬೋರಿನ ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಆ ಕಲೆಯ ಮೇಲೆ ಎಳೆದ ಗೆರೆ ಕಲೆಯ ಸಮೇತ ಉದುರುತ್ತದೆ. ಹಳೆಯ ಕಲೆಗೆ ವಿನಿಗರ್ ಒರೆಸಿ ತೊಳೆಯಿರಿ, ಕೊನೆಯ ಸಲಕ್ಕೆ ಬ್ಯಾಟರಿಗೆ ಹಾಕುವ ಶುದ್ಧ ನೀರು 2 ಲೀಟರ್ ಸಾಕು. ಬಿಸಿಲಿನಿಂದ ಕಾಪಾಡಲು ಯಾರಾದರೂ ಡ್ಯಾಶ್‌ಬೋರ್ಡ್ ಪಾಲಿಶ್ ಉಜ್ಜಿದ್ದರೆ ಅದು ದೊಡ್ಡ ತಲೆನೋವು. ಅದರ ಸಿಲಿಕೋನ್ ಇರುವ ಕಡೆ ಶಾಯಿ ಹಿಂದೆ ಸರಿದು ಗೆರೆಯ ನಡುವೆ ಸಣ್ಣ ಸಣ್ಣ ಗುಂಡನೆಯ ಖಾಲಿ ಬೀಳುತ್ತದೆ. ಅದು ಹೋಗಬೇಕಾದರೆ ಒರೆಸುವ ಬಟ್ಟೆಯನ್ನು ಮತ್ತೆ ಮತ್ತೆ ಬದಲಿಸಲೇಬೇಕು. ಒಂದೇ ಬಟ್ಟೆಯಲ್ಲಿ ಒರೆಸಿದರೆ ಇಲ್ಲಿಂದ ತೆಗೆದು ಅಲ್ಲಿಗೆ ಹಚ್ಚಿದಂತೆ.

ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡು ತೊಳೆಯುವುದು ಇದರಲ್ಲೇ, ಅವರನ್ನು ಕೇಳಿದರೆ ಸಿಗುವ ಜಾಗ ತಿಳಿಯುತ್ತದೆ. 10 ಅಡಿ ಕಯಾಕಿನ ಎರಡೂ ಬದಿಗೆ ಅರ್ಧ ಲೀಟರ್ ಬೇಕು. ಸ್ಯಾನಿಟೈಸರ್ ಬಳಸಿ ಕೈ ತೊಳೆದುಕೊಳ್ಳುವಿರೇ ಹೊರತು ದೋಣಿಯನ್ನಲ್ಲ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಹಳೆಯ ಬನಿಯನ್ ಬಟ್ಟೆ ಎರಡು ಹಿಡಿಯಿರಿ. ಒಂದರಿಂದ ಹಸಿ ಮಾಡುತ್ತ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ ತೆಗೆಯಬೇಕು. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಮತ್ತೆ ಕೂರುತ್ತದೆ. ನಂತರ 320 ನಂಬರಿನ ವಾಟರ್ ಪೇಪರನ್ನು, ಅಂದರೆ ನಯವಾದ ಮರಳುಕಾಗದವನ್ನು, ನೀರಿನಲ್ಲಿ ಅದ್ದಿ, ಹೊಳಪು ಮಂಕಾಗುವಷ್ಟು ಮಾತ್ರ ಉಜ್ಜಿ, ಮತ್ತೊಮ್ಮೆ ಆಲ್ಕೋಹಾಲಿನಿಂದ ಒರೆಸಿ. ಮರಕ್ಕೆ ಉಜ್ಜುವ ಹಾಗೆ ಒರಟಾದ 80 ನಂಬರ್ ಹಿಡಿದು ಬಲ ಹಾಕಿದರೆ ಪಾಲಿಎಥಿಲೀನ್ ಪುಡಿಯಾಗುವುದಿಲ್ಲ, ಕೂದಲು ಎದ್ದು ನಿಲ್ಲುತ್ತದೆ. ಆ ಕೂದಲಿನ ಗುಂಟ ಶಾಯಿ ಹರಡಿ ಗೆರೆಯ ಅಂಚು ಒಡೆಯುತ್ತದೆ, ಎದ್ದ ಕೂದಲನ್ನು ಮತ್ತೆ ಕೂರಿಸುವುದು ಕಷ್ಟ.

ಇಷ್ಟಕ್ಕೇ ಮಾರ್ಕರ್ ಹಿಡಿದು ಬಿಡಿಸಿದರೂ ಒಂದೆರಡು ಹಂಗಾಮು ನಡೆಯುತ್ತದೆ. ಇನ್ನೂ ಗಟ್ಟಿಯಾಗಿ ಹಿಡಿಯಬೇಕು ಎನ್ನುವವರಿಗೆ ಉರಿ ತೋರಿಸುವ ವಿಧಾನವಿದೆ. ಕಾರ್ಖಾನೆಗಳಲ್ಲೂ ಪ್ಲಾಸ್ಟಿಕ್ ಬಾಟಲಿಗೆ ಅಚ್ಚು ಹಾಕುವ ಮುಂಚೆ ಮಾಡುವುದು ಇದನ್ನೇ. ಉರಿಯ ತಾಪಕ್ಕೆ ಮೇಲ್ಮೈಯ ತೀರಾ ತೆಳು ಪದರ ಗಾಳಿಯ ಆಮ್ಲಜನಕದೊಡನೆ ಕೂಡಿ, ಶಾಯಿಗೆ ಹಿಡಿತ ಕೊಡುವ ಗುಣ ಪಡೆಯುತ್ತದೆ. ಬ್ಯೂಟೇನ್ ಅಥವಾ ಪ್ರೊಪೇನ್ ಟಾರ್ಚಿನ ನೀಲಿ ಉರಿಯ ತುದಿ ಮಾತ್ರ ಮೈಗೆ ಸವರಿ ಹೋಗಬೇಕು. ಒಂದು ಜಾಗದಲ್ಲಿ ಅರೆ ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಈ ಪ್ಲಾಸ್ಟಿಕ್ ಸುಮಾರು 120ರಿಂದ 130 ಡಿಗ್ರಿಗೆ ಕರಗುತ್ತದೆ. ಮಂಕಾಗಿದ್ದ ಮೈ ಮತ್ತೆ ಹೊಳೆಯತೊಡಗಿತೆಂದರೆ ಉರಿ ಹೆಚ್ಚಾಯಿತು, ಕರಗಲು ಶುರುವಾಯಿತು ಎಂದರ್ಥ. ಹಳದಿ ಉರಿ ಕೂಡದು, ಮಸಿ ಹಿಡಿಯುತ್ತದೆ. ಸರಿಯಾಗಿದೆಯೇ ಎಂದು ನೋಡಲು ಶುದ್ಧ ನೀರು ಚಿಮುಕಿಸಿ. ಮೊದಲು ಹನಿಗಟ್ಟುತ್ತಿದ್ದ ಕಡೆ ನೀರು ಈಗ ತೆಳ್ಳಗೆ ಹರಡಿ ನಿಂತರೆ ಸರಿ, ಒಡೆದು ಹನಿಯಾದರೆ ಇನ್ನೊಂದು ಸಲ ಸವರಿ. ಈ ಗುಣ ದಿನ ಕಳೆದಂತೆ ಇಳಿಯುತ್ತದೆ, ಕೈ ಮುಟ್ಟಿದರೆ ಆ ಕ್ಷಣವೇ ಕೆಡುತ್ತದೆ. ಆದ್ದರಿಂದ ಅಂದು ಬಿಡಿಸುವಷ್ಟು ಜಾಗಕ್ಕೇ ಅಂದು ಉರಿ ತೋರಿಸಿ.

ಅಪಾಯದ ಮಾತು ಇಲ್ಲೇ ಹೇಳಿಬಿಡಬೇಕು. ಆಲ್ಕೋಹಾಲ್ ಒರೆಸಿದ ಮೈ ಪೂರ್ತಿ ಆರಿ ಕಾಲು ಗಂಟೆ ಕಳೆಯದೆ, ಬಾಟಲಿ ಮತ್ತು ಒರೆಸಿದ ಬಟ್ಟೆಗಳನ್ನು ದೂರ ಒಯ್ಯದೆ ಟಾರ್ಚ್ ಹಚ್ಚಬಾರದು. ದೋಣಿಯ ಬಿರಡೆ, ಮುಚ್ಚಳಗಳನ್ನೆಲ್ಲ ತೆಗೆದಿಡಿ, ಒಳಗೆ ಫೋಮ್ ಇರುವ ಕಡೆ ಉರಿ ಬೇಡವೇ ಬೇಡ. ಮೊದಲ ಪ್ರಯೋಗ ಒಡೆದ ನೀಲಿ ಡ್ರಮ್ಮಿನ ಮೇಲಾಗಲಿ. ಡ್ರಮ್ಮು ಸೊಟ್ಟಗಾದರೆ ನಷ್ಟವಿಲ್ಲ.

ಚಿತ್ರವನ್ನು ಕಾಗದದಿಂದ ಮೈಮೇಲಕ್ಕೆ ತರುವುದು ಬೋರ್ಡ್ ಬರೆಯುವವರಿಗೆ ಹೊಸತಲ್ಲ. ಕಾಗದದ ಮೇಲೆ ಪೂರ್ತಿ ಅಳತೆಗೆ ಬರೆದು, ಗೆರೆಯ ಗುಂಟ 3 ಮಿ.ಮೀ.ಗೊಂದು ಸೂಜಿ ತೂತು ಚುಚ್ಚಿ, ಮೇಲೆ ಬಳಪದ ಪುಡಿ ಕಟ್ಟಿದ ತೆಳು ಬಟ್ಟೆಯ ಗಂಟನ್ನು ತಟ್ಟಿದರೆ ಚುಕ್ಕಿ ಬೀಳುತ್ತದೆ. ಕಾಗದ ತೆಗೆದ ಮೇಲೆ ಹೆಚ್ಚಾದ ಪುಡಿಯನ್ನು ಊದಿಬಿಡಿ, ಇಲ್ಲವಾದರೆ ಪೆನ್ನಿನ ತುದಿ ಕಟ್ಟುತ್ತದೆ. ಮೇಣದ ಪೆನ್ಸಿಲ್ಲು ಬೇಡ, ಅದು ಬರೆದ ಕಡೆ ಶಾಯಿ ಹಿಡಿಯುವುದಿಲ್ಲ. ಇನ್ನೊಂದು ಬದಿಗೆ ಅದೇ ಕಾಗದವನ್ನು ಮಗುಚಿದರಾಯಿತು, ಜೋಡಿ ಸರಿಯಾಗಿ ಕೂರುತ್ತದೆ. ಅಕ್ಷರಗಳಿದ್ದರೆ ಮಾತ್ರ ಮಗುಚಬೇಡಿ.

ಈಗ ಪೆನ್ನು. ಶಾಲಾ ಮಕ್ಕಳ, ಪಾರ್ಸೆಲ್ ಮೇಲೆ ಬರೆಯುವ ‘ಪರ್ಮನೆಂಟ್’ ಮಾರ್ಕರ್ ಹೆಸರಿಗಷ್ಟೇ ಪರ್ಮನೆಂಟ್. ಅದರಲ್ಲಿರುವುದು ಆಲ್ಕೋಹಾಲಿನಲ್ಲಿ ಕರಗಿದ ರಂಗು. ಬಿಸಿಲಿನ ಅತಿನೇರಳೆ ಕಿರಣಕ್ಕೆ ರಂಗಿನ ಅಣುಗಳು ಮುರಿದು ಗುಲಾಬಿ, ಕೆಂಪು ಬೇಗ ಮಾಯವಾಗುತ್ತವೆ, ಕಪ್ಪು ಕಂದಾಗುತ್ತದೆ. ಬೇಕಾದ್ದು ಪುಡಿ ಬಣ್ಣ ಬೆರೆತ, ಎಣ್ಣೆ ಆಧಾರದ, ಅಲ್ಲಾಡಿಸಿದರೆ ಒಳಗೆ ಗುಂಡು ಸದ್ದು ಮಾಡುವ ಪೇಂಟ್ ಮಾರ್ಕರ್. ಇದರ ದ್ರಾವಕ ಸಾಮಾನ್ಯವಾಗಿ ಕ್ಸೈಲೀನ್. ಅದು ಪ್ಲಾಸ್ಟಿಕ್ಕನ್ನು ತುಸು ಉಬ್ಬಿಸಿ ಹಿಡಿತ ಕೊಡುತ್ತದೆ, ತಲೆಯನ್ನೂ ಹಿಡಿಯುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂತು ಬಿಡಿಸಬೇಡಿ. ಎರಡೂ ಬದಿಯ ಗೆರೆ ಚಿತ್ರಕ್ಕೆ 2-3 ಮಿ.ಮೀ. ತುದಿಯವು ಆರು, 1 ಮಿ.ಮೀ. ತುದಿಯವು ಎರಡು, ಚಪ್ಪಟೆ ತುದಿಯದು ಒಂದು ಇದ್ದರೆ ಸಾಕಾಗುತ್ತದೆ. ಎರಕದ ಮೈ ಸಣ್ಣಗೆ ತರಿತರಿಯಾಗಿರುವುದರಿಂದ ತುದಿ ಬೇಗ ಸವೆಯುತ್ತದೆ, ಕಪ್ಪು ಒಂದು ಹೆಚ್ಚೇ ಇಟ್ಟುಕೊಳ್ಳಿ.

ತುದಿ ಒತ್ತಿ ಬಣ್ಣ ಇಳಿಸುವುದು ರಟ್ಟಿನ ಮೇಲಾಗಲಿ, ದೋಣಿಯ ಮೇಲೆ ಒತ್ತಿದರೆ ದಪ್ಪ ಹನಿ ಬಿದ್ದು ಹರಿಯುತ್ತದೆ. ತಿಳಿ ಬಣ್ಣ ಮೊದಲು, ಗಾಢ ಆಮೇಲೆ, ಕಪ್ಪು ಗೆರೆ ಕೊನೆಗೆ. ಒಂದು ಬಣ್ಣದ ಮೇಲೆ ಇನ್ನೊಂದು ಬರುವಲ್ಲಿ ಅರ್ಧ ಗಂಟೆಯಾದರೂ ತಡೆಯಬೇಕು. ಅವಸರ ಮಾಡಿದರೆ ಮೇಲಿನ ದ್ರಾವಕ ಕೆಳಗಿನದನ್ನು ಕರಗಿಸಿ ಎರಡೂ ಕಲಸಿಹೋಗುತ್ತವೆ. ತರಿಯ ಹಳ್ಳಗಳು ಮೊದಲ ಗೆರೆಗೆ ತುಂಬುವುದಿಲ್ಲ, ಆರಿದ ಮೇಲೆ ಅದೇ ಗೆರೆಯ ಮೇಲೆ ಎರಡನೆಯ ಸಲ ಎಳೆಯಿರಿ. ತಪ್ಪಿದ ಗೆರೆಯನ್ನು ಹಸಿಯಿದ್ದಾಗಲೇ ಕಿವಿಯ ಹತ್ತಿಕಡ್ಡಿಗೆ ಆಲ್ಕೋಹಾಲ್ ಹಚ್ಚಿ ತೆಗೆಯಿರಿ. ಥಿನ್ನರ್ ಸುರಿದು ಉಜ್ಜಿದರೆ ಚಿತ್ರದ ಜೊತೆ ಮೈಯೂ ಮಂಕಾಗಿ ಉಬ್ಬುತ್ತದೆ.

ಹವಾಮಾನ ಕೆಡಿಸಿದಷ್ಟು ಕೆಲಸವನ್ನು ಕೆಟ್ಟ ಶಾಯಿಯೂ ಕೆಡಿಸುವುದಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರ ಒಳಗೆ ನೆರಳಿನಲ್ಲಿ ಮುಗಿಸಬೇಕು. ಮೈ ಕಾದಿದ್ದರೆ ಶಾಯಿ ತುದಿಯಲ್ಲೇ ಒಣಗಿ ಎಳೆ ಎಳೆಯಾಗುತ್ತದೆ, ಹಿಡಿಯುವ ಮುಂಚೆಯೇ ದ್ರಾವಕ ಹಾರಿಹೋಗುತ್ತದೆ. ಬೀದರಿನ ಡಿಸೆಂಬರಿನಲ್ಲಿ ತೊಂದರೆ ಉಲ್ಟಾ. ರಾತ್ರಿಯ ತಂಪಿಗೆ ಮೈಮೇಲೆ ಕಾಣದಷ್ಟು ಇಬ್ಬನಿ ಕೂತಿರುತ್ತದೆ, ಹತ್ತು ಗಂಟೆಗೆ ಮುಂಚೆ ಪೆನ್ನು ಮುಟ್ಟಬೇಡಿ. ತೊಗರಿ ರಾಶಿ ನಡೆಯುವ ಕಣದ ಗಾಳಿ, ಶಹಾಬಾದ್, ವಾಡಿ ಕಡೆಯ ಕಲ್ಲಿನ ಧೂಳು ಎರಡೂ ಹಸಿ ಗೆರೆಗೆ ಅಂಟುತ್ತವೆ. ನಮ್ಮನ್ನು ಕೇಳಿದರೆ ನವೆಂಬರಿನಿಂದ ಫೆಬ್ರವರಿವರೆಗಿನ ಮಧ್ಯಾಹ್ನಗಳೇ ಸರಿ, ಶೆಡ್ಡಿನ ತೆರೆದ ಬಾಗಿಲ ಬಳಿ. ಬಿಡಿಸಿದ ಮೇಲೆ ಒಂದು ವಾರ ನೀರಿಗಿಳಿಸಬಾರದು. ಮುಟ್ಟಿದರೆ ಒಣಗಿರುತ್ತದೆ, ಒಳಗೆ ಇನ್ನೂ ಮೆತ್ತಗಿರುತ್ತದೆ.

ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಹೊಡೆದರೆ ಗಟ್ಟಿಯಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಪ್ಲಾಸ್ಟಿಕ್ ಮೈಮೇಲೆ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಸ್ಪ್ರೇಯ ದ್ರಾವಕ ಗೆರೆಗಳನ್ನು ಹರಿಸಬಹುದು. ಅದು ತಪ್ಪಿದರೂ ಕ್ಲಿಯರ್ ಪದರ ತಾನೇ ಪಾಲಿಎಥಿಲೀನಿಗೆ ಹಿಡಿಯುವುದಿಲ್ಲ, ಏಳುವಾಗ ಕೆಳಗಿನ ಚಿತ್ರವನ್ನೂ ಹೊತ್ತುಕೊಂಡು ಏಳುತ್ತದೆ. ವರ್ಷಕ್ಕೊಮ್ಮೆ ಸವೆದ ಗೆರೆಯ ಮೇಲೆ ಮತ್ತೆ ಪೆನ್ನಾಡಿಸುವುದು ಅದಕ್ಕಿಂತ ಹಗುರ. ರೇಡಿಯಂ ಅಂಗಡಿಯ ಸ್ಟಿಕ್ಕರನ್ನೂ ಸಾಕಷ್ಟು ಜನ ಅಂಟಿಸುತ್ತಾರೆ. ಮಾಮೂಲಿ ಅಂಟು ಈ ಮೈಗೆ ಹಿಡಿಯದೆ ಮೂಲೆಗಳು ಮೊದಲು ಏಳುತ್ತವೆ, ಎದ್ದ ಮೂಲೆಗೆ ಗಾಳದ ದಾರ ಸಿಕ್ಕಿಕೊಳ್ಳುತ್ತದೆ. ಆದರೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯನ್ನು ಹಿಂದೆ ಮುಂದೆ ಒಂದೊಂದು ಹಚ್ಚುವುದಕ್ಕೆ ನಮ್ಮ ವಿರೋಧವಿಲ್ಲ, ಮುಸ್ಸಂಜೆ ಬಸವಸಾಗರದ ಹಿನ್ನೀರಿನಲ್ಲಿ ಬೇರೆ ದೋಣಿಯವರಿಗೆ ಕಾಣುವುದು ಮುಖ್ಯ.

ಫೈಬರ್ ದೋಣಿ ಮತ್ತು ಫೈಬರ್ ಹರಿಗೋಲಿನ ಲೆಕ್ಕ ಬೇರೆ. ಅಲ್ಲಿ ಬ್ರಷ್ಷಿಗೆ ಕೆಲಸವಿದೆ. ಮೈಮೇಲಿನ ಮೇಣ ತೆಗೆದು, 320ರ ವಾಟರ್ ಪೇಪರ್ ಉಜ್ಜಿ, ಎಪಾಕ್ಸಿ ಪ್ರೈಮರ್ ಕೊಟ್ಟು, ಒಂದು ರಾತ್ರಿ ಬಿಟ್ಟು ಎರಡು ತೆಳು ಕೈ ಪಾಲಿಯುರೆಥೇನ್ ಬಣ್ಣ ಬಳಿದರೆ ತುಂಬು ಚಿತ್ರವೂ ನಿಲ್ಲುತ್ತದೆ. ಎರಡು ಡಬ್ಬಿ ಬೆರೆಸುವ ಬಣ್ಣವನ್ನು ಡಬ್ಬಿಯ ಮೇಲಿನ ಅಳತೆಗೇ ಬೆರೆಸಿ, ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ, ಸ್ಪ್ರೇ ಮಾಡದೆ ಬ್ರಷ್ಷಿನಲ್ಲೇ ಬಳಿಯಿರಿ. ಅದರ ಗಟ್ಟಿಕಾರಕದ ಮಂಜು ಶ್ವಾಸಕ್ಕೆ ಹೋಗಬಾರದು. ಮಾಮೂಲಿ ಸಿಂಥೆಟಿಕ್ ಎನಾಮಲ್ ನೀರಿನ ಗೆರೆಗಿಂತ ಮೇಲಕ್ಕೆ ನಡೆಯುತ್ತದೆ, ಸದಾ ಮುಳುಗಿರುವ ಕಡೆ ಗುಳ್ಳೆ ಏಳುತ್ತದೆ. ಡಾಂಬರು ಮೆತ್ತಿದ ಬಿದಿರಿನ ಹರಿಗೋಲಿಗೆ ಎನಾಮಲ್ ಬಳಿದರೆ ಡಾಂಬರು ಕರಗಿ ಮೇಲಕ್ಕೆ ಬಂದು ಎಲ್ಲ ಕಂದಾಗುತ್ತದೆ. ಅದರ ಮೇಲೆ ಅಷ್ಟಿಷ್ಟು ನಿಲ್ಲುವುದು ಡಾಂಬರಿಗೆಂದೇ ಮಾಡಿದ ಅಲ್ಯೂಮಿನಿಯಂ ಬಣ್ಣ ಒಂದೇ.

ಏನು ಬಿಡಿಸಬೇಕು ಎಂಬುದು ಅವರವರ ಇಷ್ಟ, ಆದರೂ ಒಂದೆರಡು ಮಾತು. ಸುರಪುರದ ಚಿತ್ರಗಳ ಕೂದಲೆಳೆ ಗೆರೆ ತರಿತರಿ ಪ್ಲಾಸ್ಟಿಕ್ಕಿನ ಮೇಲೆ ಬರುವುದಿಲ್ಲ, 1 ಮಿ.ಮೀ.ಗಿಂತ ಸಣ್ಣ ಗೆರೆ ಒಡೆದೇ ಒಡೆಯುತ್ತದೆ. ಬೀದರಿನ ಬಿದರಿ ಹೂಬಳ್ಳಿಗಳು ಎರಡೇ ಬಣ್ಣದಲ್ಲಿ ನಿಲ್ಲುವಂಥವು, ಗೆರೆ ದಪ್ಪ, ದೂರಕ್ಕೆ ಕಾಣುತ್ತವೆ, ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಆದರೆ ಬಿದರಿ ಎಂದ ಕೂಡಲೇ ಮೈಗೆಲ್ಲ ಕಪ್ಪು ಬಳಿದು ಮೇಲೆ ಬೆಳ್ಳಿ ಬಣ್ಣ ಎನ್ನಬೇಡಿ. ಕಪ್ಪು ಮೈ ನಮ್ಮ ಬಿಸಿಲಿಗೆ ಕಾದು ಮೆತ್ತಗಾಗಿ ತಳ ಗುಂಡಿ ಬೀಳುತ್ತದೆ. ತಿಳಿ ಬಣ್ಣದ ದೋಣಿಯ ಮೇಲೆ ಕಪ್ಪು ಬಳ್ಳಿ ಬಿಡಿಸಿ. ದೋಣಿ ಮೊದಲೇ ಕಡುನೀಲಿಯಾಗಿದ್ದರೆ ಬೆಳ್ಳಿ ಮಾರ್ಕರ್ ಚೆನ್ನ. ಫೈಬರಿನ ಮೇಲಾದರೂ ಬೆಳ್ಳಿ ಗೆರೆಗೆ ಕ್ಲಿಯರ್ ಹೊಡೆದರೆ ಹೊಳಪು ಸತ್ತು ಬೂದಿಯಾಗುತ್ತದೆ. ದೇವರ ಚಿತ್ರ ಬಿಡಿಸುವವರು ಕಾಲಿಡುವ, ಕೂರುವ, ಮೀನಿನ ರಕ್ತ ಬೀಳುವ ಜಾಗ ಬಿಟ್ಟು ಮುಂಭಾಗದ ಮೇಲ್ತುದಿಯಲ್ಲಿ ಬಿಡಿಸುವುದು ಒಳ್ಳೆಯದು.

ಉಜ್ಜಿದ ಕೊಳೆನೀರನ್ನು, ಪೆನ್ನು ಒರೆಸಿದ ಬಟ್ಟೆಯನ್ನು ಜಲಾಶಯದ ದಡದಲ್ಲಿ ಬಿಡಬಾರದು. ಬೀದರಿಗೆ ಕುಡಿಯುವ ನೀರು ಬರುವುದು ಕಾರಂಜಾದಿಂದ. ಸಮುದ್ರದ ದೋಣಿಗಳ ತಳಕ್ಕೆ ಬಳಿಯುವ ತಾಮ್ರ ಬೆರೆತ ಬಣ್ಣವನ್ನು ‘ಮೆರೈನ್ ಪೇಂಟ್’ ಎಂದು ತರಿಸುವವರಿದ್ದಾರೆ. ಅದು ತಳಕ್ಕೆ ಅಂಟುವ ಉಪ್ಪುನೀರಿನ ಚಿಪ್ಪುಜೀವಿಗಳನ್ನು ಕೊಲ್ಲಲು ಮಾಡಿದ ವಿಷ. ಮೀನು ಹಿಡಿದು ಮುಗಿದೊಡನೆ ದಡಕ್ಕೆಳೆಯುವ ಕಯಾಕಿಗೆ ಅದರ ಅಗತ್ಯವೇ ಇಲ್ಲ, ಮೀನಿಗೆ ಕೇಡು.

ಕೊನೆಗೆ ಕೆಲಸ ಕೊಡುವವರಿಗೆ ಒಂದು ಸೂಚನೆ. ಪ್ರವಾಸಿ ತಾಣದ ಬೋಟಿಂಗ್ ಇರಲಿ, ಖಾಸಗಿ ಕ್ಲಬ್ ಇರಲಿ, ಹತ್ತಾರು ದೋಣಿಗೆ ಚಿತ್ರ ಬರೆಸುವಾಗ ಗುತ್ತಿಗೆಯಲ್ಲಿ ‘ಉತ್ತಮ ಗುಣಮಟ್ಟದ ಬಣ್ಣ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ದೋಣಿಯ ವಸ್ತು ಯಾವುದು, ಮೈ ಹೇಗೆ ಸಿದ್ಧಪಡಿಸಬೇಕು ಎಂಬುದನ್ನು ಬರೆಯಿರಿ. ಒಂದು ದೋಣಿಯ ಮೂಲೆಯಲ್ಲಿ ಅಂಗೈಯಗಲ ಮಾದರಿ ಬಿಡಿಸಿ ವಾರ ಬಿಟ್ಟು ಪರೀಕ್ಷಿಸಿ. ಬ್ಲೇಡಿನಿಂದ ಬಣ್ಣದ ಪದರಕ್ಕಷ್ಟೇ ತಾಗುವಂತೆ ಮೆಲ್ಲಗೆ ಚೌಕುಳಿ ಗೀರಿ, ಪಾರದರ್ಶಕ ಟೇಪನ್ನು ಉಗುರಿನಿಂದ ಒತ್ತಿ ಅಂಟಿಸಿ, ಒಂದೇ ಎಳೆತಕ್ಕೆ ಕೀಳಿ. ಟೇಪಿನ ಮೇಲೆ ಚೌಕಗಳು ಎದ್ದು ಬಂದರೆ ಮೈ ತೊಳೆದದ್ದು ಸಾಲದು, ಮತ್ತೆ ಮೊದಲಿನಿಂದ. ಬರದಿದ್ದರೆ ಉಳಿದ ದೋಣಿಗಳಿಗೆ ಕೈ ಹಚ್ಚಲು ಹೇಳಿ, ಪೇಂಟರನ ಬಿಲ್ಲನ್ನೂ ತಡಮಾಡದೆ ಕೊಡಿ.

ಇಂತಿ,
ಬೋರ್ಡ್ ಬರಹ ಹಾಗೂ ದೋಣಿ ದುರಸ್ತಿ ಕಸುಬಿನ ಓದುಗರು,
ಸುರಪುರ, ಯಾದಗಿರಿ ಜಿಲ್ಲೆ